ತೊಟ್ಟಿಕ್ಕದ ಪಂಪು

೨೦ನೇ ತಾರೀಕು ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಮೂರು ನಲವತ್ತಕ್ಕೆ ಸಿದ್ಧ ಉಡುಪಿನ ಕಾರ್ಖಾನೆಯ ಮೂರನೇ ಮಹಡಿಗೆ ಬೆಂಕಿ ಬಿದ್ದು ಇಸ್ತ್ರಿ ವಿಭಾಗದ ಕೆಲಸದವಳೊಬ್ಬಳು ಸತ್ತಿದ್ದಳಲ್ಲ, ಅವಳ ಅಕ್ಕ ಈಕೆ. ದೂರು ಬರೆದುಕೊಳ್ಳಲು ಕೂತವನು ದಫೇದಾರ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅಳುವವರನ್ನು ಬೇಕಾದಷ್ಟು ಕಂಡವನು. ಈಕೆ ಅಳಲಿಲ್ಲ, ಅದೇ ಅವನಿಗೆ ಕಷ್ಟವಾಯಿತು.

"ಎಲ್ರೂ ಮೆಟ್ಟಿಲ ಕಡೆ ಓಡಿದ್ರು. ಅವಳೂ ಓಡ್ಬಹುದಿತ್ತು. ಬೆಂಕಿ ಆರ್ಸೋ ಗೋಡೆ ಪೈಪ್ ಹಿಡ್ಕೊಂಡು ನಿಂತ್ಲು, ನೀರು ಬರುತ್ತೆ ಅಂತ."

"ಬರ್ಲಿಲ್ವಾ?"

"ಒಂದು ಹನೀನೂ ಬರ್ಲಿಲ್ಲ."

ಹೆಣ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಕಾರ್ಖಾನೆಯ ಮ್ಯಾನೇಜರ್ ಮನೆಗೆ ಬಂದು, ಗಾಬರಿಯಲ್ಲಿ ನಿಮ್ಮ ಹುಡುಗಿ ವಾಲ್ವನ್ನೇ ತೆರೆದಿಲ್ಲ, ಪಾಪ, ಅವಳ ಹಣೆಬರಹ ಎಂದು ಹೇಳಿ ಹೋಗಿದ್ದನಂತೆ. ಸತ್ತವಳ ಒಂಬತ್ತು ವರ್ಷದ ಮಗಳು ಅದನ್ನು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಿದ್ದಳು. ಅಮ್ಮ ಯಾಕೆ ತೆರೆಯಲಿಲ್ಲ ಎಂದು ಬೆಳಗಿನಿಂದ ಒಂದೇ ಸಮನೆ ಕೇಳುತ್ತಿದ್ದಳು.

"ನನ್ನ ತಂಗಿ ದಡ್ಡಿ ಅಲ್ಲ ಸಾರ್. ವಾಲ್ವ್ ತೆಗ್ದಿದ್ಲು ಅಂತ ಬರ್ಕೊಳ್ಳಿ."

"ಸಾಬೀತಾದ್ರೆ ಬರೀತೀವಿ ತಾಯಿ," ಎಂದ ದಫೇದಾರ. ಆಡಿದ ಮೇಲೆ ಆ ಮಾತು ಅವನಿಗೇ ಒರಟಾಗಿ ಕೇಳಿಸಿತು.

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು, ಆರೋಪಿ ಯಾರೆಂದು ತಿಳಿದಿಲ್ಲ. ಹನ್ನೆರಡಕ್ಕೆ ಇನ್‌ಸ್ಪೆಕ್ಟರ್ ಮೇಡಂ, ದಫೇದಾರ, ಇಬ್ಬರು ಪಂಚರು ಮೂರನೇ ಮಹಡಿ ಹತ್ತಿದರು. ಇಸ್ತ್ರಿ ಮೇಜುಗಳು ಇದ್ದಿಲಾಗಿದ್ದವು. ಗೋಡೆಯ ಪೈಪಿನ ವಾಲ್ವಿನ ಹಿಡಿ ಪೈಪಿನ ನೇರಕ್ಕಿತ್ತು, ಅಂದರೆ ವಾಲ್ವ್ ಪೂರ್ತಿ ತೆರೆದಿತ್ತು. ದಫೇದಾರ ಪಂಚನಾಮೆಗೆ ಬರೆದ. ಪಕ್ಕದಲ್ಲಿದ್ದ ಮ್ಯಾನೇಜರ್ ತಡಮಾಡಲಿಲ್ಲ. ಅದು ಆಮೇಲೆ ಬಂದ ಅಗ್ನಿಶಾಮಕದವರು ತಿರುಗಿಸಿದ್ದಿರಬೇಕು ಎಂದ. ಬೆಂಕಿ ಆರಿಸುವ ಗಡಿಬಿಡಿಯಲ್ಲಿ ಯಾರು ಏನು ಮುಟ್ಟಿದರೋ ಆ ಸಿಬ್ಬಂದಿಗೂ ನೆನಪಿರಲಿಲ್ಲ. ಸತ್ತವಳ ತಲೆ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ! ಅವಳು ಎದ್ದು ಬಂದು ಜಗಳಕ್ಕೆ ನಿಲ್ಲುವುದಿಲ್ಲವಲ್ಲ.

ಆ ಪೈಪಿಗೆ ನೀರು ಹಾಯಿಸುವ ಪಂಪು ನೆಲಮಾಳಿಗೆಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಫಿಟ್ಟರ್‌ಗೆ ಐವತ್ತನಾಲ್ಕು ವರ್ಷ. ಹೊಲಿಗೆಯ ಹೆಣ್ಣುಮಕ್ಕಳೆಲ್ಲ ಅವನನ್ನು ಪಂಪಣ್ಣ ಅಂತಲೇ ಕರೆಯುತ್ತಿದ್ದರು, ಸ್ವಂತ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಎರಡು ತಿಂಗಳ ಹಿಂದೆ ಪಂಪನ್ನು ಪೂರ್ತಿ ಬಿಚ್ಚಿ, ಒಳಗಿನ ಚಕ್ರ ತೊಳೆದು, ಬೇರಿಂಗ್ ಬದಲಿಸಿ, ಹೊಸ ಪ್ಯಾಕಿಂಗ್ ಹಾಕಿ ಜೋಡಿಸಿದವನು ಅವನೇ. ಪ್ರತಿ ಸೋಮವಾರ ಹತ್ತು ನಿಮಿಷ ಓಡಿಸಿ ಒತ್ತಡ ಬರೆದಿಡುವವನೂ ಅವನೇ. ಕೇಳಿದ್ದಕ್ಕೆಲ್ಲ ನೆಲ ನೋಡುತ್ತ, ಪಂಪು ಸರಿಯಾಗಿತ್ತು ಎಂದ.

ಅಗ್ನಿಶಾಮಕ ಠಾಣೆಯಿಂದ ಕರೆಸಿದ ಹಳೇ ಮೆಕ್ಯಾನಿಕ್ ಮಾತು ಕಮ್ಮಿಯ ಆಸಾಮಿ. ಮೋಟಾರಿಗೂ ಪಂಪಿಗೂ ನಡುವಿನ ಜೋಡಣೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ನೋಡಿದ. ಅದು ಜಪ್ಪಯ್ಯ ಅಂದರೂ ಕದಲಲಿಲ್ಲ.

"ಬೆರಳಲ್ಲಿ ತಿರುಗ್ಬೇಕು ಇದು," ಎಂದು ಬಗ್ಗಿ ನೆಲ ಸವರಿದ. "ಎಷ್ಟು ಒಣಗಿದೆ ನೋಡಿ."

ಒಣಗಿದ್ದರೆ ಒಳ್ಳೆಯದೇ ಅಲ್ಲವೇ ಎಂದು ದಫೇದಾರನಿಗೆ ಅನ್ನಿಸಿತು. ಮೆಕ್ಯಾನಿಕ್ ಬಿಡಿಸಿ ಹೇಳಿದ. ಮೋಟಾರಿನಿಂದ ಬರುವ ಶಾಫ್ಟ್ ಪಂಪಿನೊಳಗೆ ಹೋಗುವ ಜಾಗದಲ್ಲಿ ಪ್ಯಾಕಿಂಗ್ ಎಂಬ ಜಿಡ್ಡಿನ ಹಗ್ಗ ಸುತ್ತಿ, ಗ್ಲ್ಯಾಂಡ್ ಎಂಬ ಮುಚ್ಚಳವನ್ನು ಎರಡು ನಟ್ಟಿನಿಂದ ಬಿಗಿಯುತ್ತಾರೆ. ಅಲ್ಲಿಂದ ನೀರು ತೊಟ್ಟಿಕ್ಕುತ್ತಲೇ ಇರಬೇಕು, ಆ ನೀರೇ ಹಗ್ಗವನ್ನು ತಂಪಾಗಿಡುವುದು. ಹೊಸ ಪ್ಯಾಕಿಂಗ್ ಆದರೆ ಇನ್ನೂ ಧಾರಾಳವಾಗಿ ತೊಟ್ಟಿಕ್ಕಬೇಕು. ಇಲ್ಲಿ ಯಾರೋ ನಟ್ಟುಗಳನ್ನು ಕೊನೆಯವರೆಗೆ ಬಿಗಿದಿದ್ದರು. ಒಣಗಿದ ಹಗ್ಗ ಶಾಫ್ಟನ್ನು ಕಚ್ಚಿ ಹಿಡಿದಿತ್ತು. ಮೋಟಾರು ತಿರುಗಲಾರದೆ ಸ್ವಿಚ್ಚು ತಾನಾಗಿ ಆಫ್ ಆಗಿತ್ತು.

"ಎಷ್ಟು ದಿನದಿಂದ ಹೀಗಿದೆ?" ಮೇಡಂ ಕೇಳಿದರು.

"ವಾರಗಟ್ಲೆ."

ಆದರೆ ಪರೀಕ್ಷೆಯ ರಿಜಿಸ್ಟರ್ ಬೇರೆಯೇ ಹೇಳುತ್ತಿತ್ತು. ೨, ೯, ೧೬ನೇ ತಾರೀಕು, ಮೂರೂ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಏಳು ಕೆಜಿ ಒತ್ತಡ, ಕೆಳಗೆ ಫಿಟ್ಟರ್ ಸಹಿ. ಹದಿನಾರಕ್ಕೆ ಓಡಿದ ಪಂಪು ಹತ್ತೊಂಬತ್ತಕ್ಕೆ ಕೆಟ್ಟರೆ ನಮ್ಮ ತಪ್ಪೇನು ಎಂದು ಮ್ಯಾನೇಜರ್ ಕೈ ತೊಳೆದುಕೊಂಡ. ರಿಜಿಸ್ಟರ್ ಜಪ್ತಿಯಾಗಿ ಠಾಣೆಗೆ ಬಂತು.

ದಫೇದಾರ ಆ ಪುಟ ತೆರೆದವನು ಹಾಗೇ ಕೂತುಬಿಟ್ಟ. ಮೂರು ವಾರದ ಬರಹ, ಶಾಯಿ ಒಂದೇ, ಕೈಯ ಭಾರ ಒಂದೇ, ಸಹಿಗಳಂತೂ ಒಂದರ ಕೆಳಗೊಂದು ಅಚ್ಚೊತ್ತಿದ ಹಾಗೆ. ಹಿಂದಿನ ಪುಟಗಳಲ್ಲಿ ಒತ್ತಡ ಆರೂಮುಕ್ಕಾಲು, ಏಳು, ಆರೂವರೆ ಎಂದು ಏರಿಳಿಯುತ್ತಿತ್ತು. ಇಲ್ಲಿ ಮೂರಕ್ಕೆ ಮೂರೂ ಏಳು. ಪುಸ್ತಕವನ್ನು ಮೇಡಂ ಮೇಜಿಗೆ ಒಯ್ದ.

"ಇದು ಮೂರು ದಿನ ಬರ್ದಿದ್ದಲ್ಲ ಮೇಡಂ. ಒಂದೇ ಸಲ ಕೂತು ಬರ್ದಿದ್ದು."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

ಅನುಭವ ಅಂದಿದ್ದರೆ ಸಾಕಿತ್ತು, ಮೇಡಂ ಮುಂದೆ ಕೇಳುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ನಾಲಿಗೆ ಸುಳ್ಳಿಗೆ ಒಗ್ಗಲಿಲ್ಲ.

"ನಾನೂ ಹಾಗೆ ಬರ್ದಿದ್ದೀನಿ. ರಾತ್ರಿ ಗಸ್ತಿನ ಬೀಟ್ ಪುಸ್ತಕ. ಹೋಗ್ದೇ ಇರೋ ಜಾಗಕ್ಕೆಲ್ಲ ಹೋದೆ ಅಂತ."

ಮೇಡಂ ರಿಜಿಸ್ಟರ್ ಮುಚ್ಚಿದರು. "ನಿಮ್ದು ಆಮೇಲೆ ನೋಡೋಣ. ಲಿಖಿತವಾಗಿ ಕೊಡಿ. ಈಗ ಇದಕ್ಕೆ ಸಾಕ್ಷಿ ತನ್ನಿ."

ಶನಿವಾರದಿಂದ ಮಂಗಳವಾರದವರೆಗೆ ದಫೇದಾರ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಅಲೆದ. ಸಾಕ್ಷಿ ಸಿಕ್ಕಿದ್ದು ವಿದ್ಯುತ್ ಕಚೇರಿಯಲ್ಲಿ. ೯ನೇ ತಾರೀಕು ಆ ಬೀದಿಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕರೆಂಟೇ ಇರಲಿಲ್ಲ, ಲೈನ್ ದುರಸ್ತಿ. ಕಾರ್ಖಾನೆಯ ಜನರೇಟರಿಗೆ ಪಂಪಿನ ಲೈನೇ ಇರಲಿಲ್ಲ. ಹನ್ನೊಂದು ಗಂಟೆಗೆ ಪಂಪು ಓಡಿದ್ದು ಹೇಗೆ?

೨೫ನೇ ತಾರೀಕು ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ ಫಿಟ್ಟರ್‌ನನ್ನು ಕರೆಸಿ ರಿಜಿಸ್ಟರಿನ ಪುಟ, ವಿದ್ಯುತ್ ಕಚೇರಿಯ ಪತ್ರ ಎರಡನ್ನೂ ಮುಂದಿಟ್ಟರು. ಅವನು ಓದಲಿಲ್ಲ. ಬಂದು ಕೂತಾಗಲೇ ಅರ್ಧ ಮುಗಿದುಹೋದ ಮನುಷ್ಯನಂತಿದ್ದ.

"ಗ್ಲ್ಯಾಂಡ್ ಬಿಗಿದಿದ್ದು ಯಾರು?"

"ನಾನೇ."

"ಯಾವಾಗ?"

"ಹೋದ ತಿಂಗಳು ಇಪ್ಪತ್ತೇಳು. ಖರೀದಿದಾರರು ಬರೋರಿದ್ರು."

ಪಂಪ್ ರೂಮಿನ ನೆಲ ಒಣಗಿರಬೇಕು ಎಂದು ಮ್ಯಾನೇಜರ್ ಬೆಳಿಗ್ಗೆಯೇ ಗದರಿದ್ದ. ಸಂಜೆ ಸಡಿಲಿಸಿದರಾಯಿತು ಎಂದುಕೊಂಡು ಫಿಟ್ಟರ್ ಸ್ಪ್ಯಾನರ್ ಹಾಕಿ ತೊಟ್ಟು ನಿಲ್ಲಿಸಿದ್ದ. ಮಧ್ಯಾಹ್ನ ಯಜಮಾನರೇ ಅತಿಥಿಗಳನ್ನು ಕರೆದುಕೊಂಡು ಬಂದರು. ನೆಲ ನೋಡಿ, ಅವನ ಬೆನ್ನು ತಟ್ಟಿ, ಭೇಷ್, ಪಂಪ್ ರೂಮ್ ಅಂದ್ರೆ ಹೀಗಿರಬೇಕು ಅಂದರು. ಹನ್ನೊಂದು ವರ್ಷದಲ್ಲಿ ಆ ಕೋಣೆಗೆ ಯಾರೂ ಇಣುಕಿ ನೋಡಿರಲಿಲ್ಲ. ಸಂಜೆ ಸ್ಪ್ಯಾನರ್ ಹಿಡಿದು ಹೋದವನಿಗೆ ಮತ್ತೆ ನೆಲ ಒದ್ದೆ ಮಾಡಲು ಮನಸ್ಸು ಬರಲಿಲ್ಲ. ನಾಳೆ, ನಾಳಿದ್ದು ಎಂದು ಮುಂದೂಡಿದ. ಸೋಮವಾರ ಓಡಿಸಬೇಕಾದರೆ ಸಡಿಲಿಸಲೇಬೇಕು, ಹಾಗಾಗಿ ಓಡಿಸಲೇ ಇಲ್ಲ. ಹದಿನಾರಕ್ಕೆ ಮೂರೂ ಸಾಲು ತುಂಬಿಸಿದ.

"ಬೆಂಕಿ ಬಿದ್ದಾಗ ಎಲ್ಲಿದ್ರಿ?"

ದಫೇದಾರ ಪೆನ್ನು ಹಿಡಿದು ಕಾದ.

"ಪಂಪು ಶುರುವಾಗ್ಲಿಲ್ಲ. ಮೇಲಕ್ಕೋಡಿದೆ. ಹೊಗೆ ಇನ್ನೂ ಕಮ್ಮಿ ಇತ್ತು. ಆ ಹುಡುಗಿ ಪೈಪ್ ಹಿಡ್ಕೊಂಡು ನಿಂತಿದ್ಲು. ಹಿಡಿ ಪೂರ್ತಿ ತಿರುಗ್ಸಿದ್ಲು, ನನ್ನ ಕಣ್ಣಾರೆ ಕಂಡೆ. ಅಭ್ಯಾಸದ ದಿನ ನಾನೇ ಹೇಳ್ಕೊಟ್ಟಿದ್ದು. ಎಲ್ರಿಗಿಂತ ಚೆನ್ನಾಗಿ ಅವಳೇ ಮಾಡಿದ್ಲು."

"ಆಮೇಲೆ?"

"ಪಂಪಣ್ಣ, ನೀರು ಅಂದ್ಲು. ನಾನು... ನಿಂತಿರು, ಈಗ ಬಿಟ್ಟೆ ಅಂದೆ. ಕೆಳಗೋಡಿ ನಟ್ಟು ಬಿಚ್ಚೋಕೆ ನೋಡ್ದೆ. ಗಡಿಬಿಡೀಲಿ ಸ್ಪ್ಯಾನರೇ ಕೂರ್ಲಿಲ್ಲ. ಬಿಟ್ಟು ಓಡು ಅನ್ಬೇಕಿತ್ತು ಮೇಡಂ. ಅಂದಿದ್ರೆ ನೀರು ಬರಲ್ಲ ಅಂತ ನಾನೇ ಒಪ್ಕೊಂಡ ಹಾಗಾಗ್ತಿತ್ತು."

ಹನ್ನೆರಡು ನಲವತ್ತಕ್ಕೆ ದಸ್ತಗಿರಿ. ಗದರಿ ನೆಲ ಒಣಗಿಸಿದ ಮ್ಯಾನೇಜರ್‌ಗೂ ನೋಟಿಸ್ ಹೊರಟಿತು. ಫಿಟ್ಟರ್ ಸಹಿ ಹಾಕಿ, ಅಮ್ಮ ವಾಲ್ವ್ ತೆರೆದಿದ್ದಳು ಅಂತ ಆ ಹುಡುಗಿಯ ಮಗಳಿಗೆ ಯಾರಾದರೂ ಹೇಳುತ್ತೀರಾ ಎಂದಷ್ಟೇ ಕೇಳಿದ.

ಅಕ್ಕ ಮಧ್ಯಾಹ್ನ ಮೂರಕ್ಕೆ ಬಂದಳು. ಈ ಸಲ ಕೂತಳು. ದಫೇದಾರ ಹೇಳಿಕೆಯ ಒಂದು ಸಾಲು ಓದಿದ: ವಾಲ್ವ್ ಪೂರ್ತಿ ತೆರೆದಿತ್ತು, ಮೃತಳೇ ತೆರೆದಿದ್ದಳು. ಇನ್ನೊಮ್ಮೆ ಓದಿ ಅಂದಳು. ಓದಿದ. ಅವಳಿಗೆ ಆಗ ಅಳು ಬಂತು, ಅವನು ಅಡ್ಡ ಬರಲಿಲ್ಲ. ಮತ್ಯಾಕೆ ಓಡಲಿಲ್ಲ ಎಂದು ಕೇಳಿದಾಗ, ನಿಂತಿರು ಅಂದವನ ಮಾತನ್ನು ನಂಬಿದಳು, ಪಂಪು ಬಿಗಿದಿಟ್ಟವನೂ ಅವನೇ ಎಂದು ಹೇಳಲೇಬೇಕಾಯಿತು.

ಆಕೆ ಕಣ್ಣೊರೆಸಿಕೊಂಡಳು.

"ಆ ಮನುಷ್ಯ ಪಂಪನ್ನ ಯಾಕೆ ಹಾಗ್ ಬಿಗ್ದ?"

"ನೆಲ ಒಣಗಿದೆ ಅಂತ ಯಜಮಾನರು ಭೇಷ್ ಅಂದ್ರಂತೆ."

"ಅಷ್ಟಕ್ಕಾ?"

ದಫೇದಾರನಿಗೆ ಆಕೆಯ ಮುಖ ನೋಡಲಾಗಲಿಲ್ಲ.

"ಅಷ್ಟಕ್ಕೇ ತಾಯಿ," ಎಂದ.