ಫೋನಿನಾಚೆಯ ಅಮ್ಮನ ದನಿ

ಡ್ರಾಯರ್ ಬಹುತೇಕ ಖಾಲಿಯಿತ್ತು.

ನಿರ್ದೇಶಕಿ ಅದನ್ನು ಪೂರ್ತಿ ಎಳೆದು ಮೇಜಿನ ಮೇಲೆ ಬೋರಲು ಹಾಕಿದಳು. ಎರಡು ಪೆನ್ನು, ಒಂದು ಕತ್ತರಿ — ಅಷ್ಟೇ. ಹಾರ್ಡ್ ಡಿಸ್ಕ್ ಇಲ್ಲ! ಆರು ವರ್ಷದಿಂದ ಕಟ್ಟುತ್ತಿದ್ದ ಸರಣಿಯ ಮೊದಲ ಕಂತು ಅದರಲ್ಲಿತ್ತು. ಮಧ್ಯಾಹ್ನ ಮೂರಕ್ಕೆ ಆಯ್ಕೆ ಸಮಿತಿಯ ಮುಂದೆ ಪ್ರದರ್ಶನ.

ಅವಳು ಫೋನ್ ಮಾಡಿದ್ದು ಸೋದರತ್ತೆಗೆ. ಅತ್ತೆ ನಿವೃತ್ತ ಇನ್‌ಸ್ಪೆಕ್ಟರ್. ಅರ್ಧ ಗಂಟೆಯಲ್ಲಿ ಮೂರು ಮಹಡಿ ಹತ್ತಿ ಎಡಿಟಿಂಗ್ ಕೋಣೆಗೆ ಬಂದರು.

"ಕಾಪಿ ಇಲ್ವೇನೆ?"

"ನಿನ್ನೆ ಸಂಜೆ ತಾನೇ ಮುಗೀತು ಅತ್ತೆ. ಬೆಳಿಗ್ಗೆ ಮಾಡೋಣ ಅಂತಿದ್ದೆ."

"ಮೇಜಿನ ಮೇಲಿರೋ ಡಿಸ್ಕು?"

"ಅದು ಹಳೇದು, ಎರಡು ವರ್ಷದ್ದು. ಚಿತ್ರ ಅದೇ, ಅಮ್ಮನ ದನಿ ಮಾತ್ರ ಬೇರೆ."

ಊರು ಬಿಟ್ಟು ಒಂಟಿಯಾಗಿರುವ ಹುಡುಗಿಯ ಕಥೆ ಅದು. ಅವಳ ಅಮ್ಮ ತೆರೆಯ ಮೇಲೆ ಕಾಣುವುದಿಲ್ಲ. ಫೋನಿನಲ್ಲಿ ಕೇಳಿಸುತ್ತಾಳೆ, ಅಷ್ಟೇ. ಆ ದನಿಯನ್ನು ನಿನ್ನೆ ಹೆಸರಾಂತ ನಟಿಯೊಬ್ಬರು ಕೊಟ್ಟಿದ್ದರು.

ಕೋಣೆಯ ಬೀಗ ಒಡೆದಿರಲಿಲ್ಲ. ನಿರ್ದೇಶಕಿಯನ್ನು ಬಿಟ್ಟರೆ ಕೀಲಿ ಇದ್ದದ್ದು ಇಬ್ಬರ ಬಳಿ.

ಅತ್ತೆ ಮೊದಲು ಕ್ಯಾಮೆರಾಮನ್‌ನನ್ನು ಕೂರಿಸಿಕೊಂಡರು.

"ಮುಂದಿನ ವಾರ ದೊಡ್ಡ ಕಂಪನಿಗೆ ಹೋಗ್ತಿದ್ದೀರಂತೆ?"

"ಹೊಟ್ಟೆಪಾಡು ಮೇಡಂ."

"ಇಲ್ಲಿ ಕೆಲಸ ನಿಂತ್ರೆ ನಿಮಗೆ ಹಗುರ, ಅಲ್ವಾ?"

ಅವನ ಮುಖ ಕೆಂಪಾಯಿತು. "ಒಂದೊಂದು ಫ್ರೇಮಿಗೂ ಜೀವ ತೇಯ್ದಿದ್ದೀನಿ. ಹೋಗೋದು ಬೇರೆ, ಕದಿಯೋದು ಬೇರೆ!"

ಆಮೇಲೆ ಎಲ್ಲರೂ ಸೌಂಡಣ್ಣ ಎಂದು ಕರೆಯುವ, ಧ್ವನಿ ವಿಭಾಗದ ಹಿರಿಯ. ಅವರು ಮಾತಿನಲ್ಲಿ ಬಲು ಜಿಪುಣರು.

"ನಿನ್ನೆ ಎಷ್ಟೊತ್ತಿಗೆ ಹೋದ್ರಿ?"

"ಏಳಕ್ಕೆ."

"ಒಬ್ರೇನಾ?"

"ಯಾವಾಗ್ಲೂ ಒಬ್ನೇ."

ಅತ್ತೆ ಹಳೆಯ ಡಿಸ್ಕಿನ ಮೇಲೆ ಬೆರಳಾಡಿಸಿದರು. "ಇದು ಎಲ್ಲಿರ್ತಿತ್ತು?"

"ಕಪಾಟಿನ ತಳದಲ್ಲಿ—" ನಿರ್ದೇಶಕಿ ತಟ್ಟನೆ ಮಾತು ನಿಲ್ಲಿಸಿದಳು. "ನಾನು ತೆಗೆದಿಲ್ವಲ್ಲ!"

"ಧೂಳು ಒರೆಸಿ, ವೈರು ಸಿಕ್ಕಿಸಿ, ಈಗ್ಲೇ ಹಾಕೋ ಹಾಗೆ ಇಟ್ಟಿದ್ದಾರೆ. ಏನು ಹೋಯ್ತು ಅಂತ ನೀನು ತಲೆ ಕೆಡಿಸ್ಕೊಂಡೆ, ಏನು ಉಳೀತು ಅಂತ ನೋಡ್ಲಿಲ್ಲ. ಚಿತ್ರ ನಿಲ್ಲಿಸೋಕೆ ಬಂದವರು ಹೀಗೆ ಮಾಡ್ತಾರಾ? ಪ್ರದರ್ಶನ ಆಗ್ಲೇಬೇಕು, ಆದ್ರೆ ಹಳೇ ದನೀಲಿ ಆಗ್ಬೇಕು — ಇದು ಅವರ ಆಸೆ. ಯಾರದು ಆ ದನಿ?"

ನಿರ್ದೇಶಕಿ ತಲೆ ತಗ್ಗಿಸಿದಳು. ಅದು ಸೌಂಡಣ್ಣನ ಹೆಂಡತಿಯದು. ನಟಿ ಸಿಗುವವರೆಗೆ ಇರಲಿ ಎಂದು ಒಂದು ಮಧ್ಯಾಹ್ನ ನಗುನಗುತ್ತಾ ಓದಿಕೊಟ್ಟಿದ್ದರು. ಅವರು ತೀರಿಕೊಂಡು ವರ್ಷವಾಗಿತ್ತು. ಅಣ್ಣನಿಗೆ ನೋವಾದೀತೆಂದು ಆ ಕೋಣೆಯಲ್ಲಿ ಯಾರೂ ಅವರ ಹೆಸರೆತ್ತಿರಲಿಲ್ಲ.

"ತಗೊಂಡಿದ್ದು ನೀವೇ, ಅಲ್ವಾ?" ಅತ್ತೆ ಮೆಲ್ಲಗೆ ಕೇಳಿದರು.

ಸೌಂಡಣ್ಣ ಚೀಲದಿಂದ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟರು.

"ಕೇಳಿದ್ರೆ ಹಳೇದರ ಕಾಪಿ ಕೊಡ್ತಿರ್ಲಿಲ್ವಾ ಅಣ್ಣ?"

"ಕಾಪಿ ಮನೇಲಿದೆ ಕಣಮ್ಮ. ದಿನಾ ಕೇಳ್ತೀನಿ. ಒಬ್ನೇ ಕೇಳಿ ಕೇಳಿ... ಬೇರೆ ಯಾರಾದ್ರೂ ಒಂದ್ಸಲ ಕೇಳ್ಲಿ ಅನ್ನಿಸ್ತು. ತಪ್ಪಾಯ್ತು."

ನಿರ್ದೇಶಕಿ ಹೊಸ ಡಿಸ್ಕನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

"ಸಮಿತಿಗೆ ಹೊಸದೇ ಹೋಗುತ್ತೆ ಅಣ್ಣ," ಎಂದಳು. ಅವರು ತಲೆಯಾಡಿಸಿ ಏಳಹೋದರು. ಅವಳು ಭುಜ ಹಿಡಿದು ಕೂರಿಸಿದಳು. "ಮೂರು ಗಂಟೆಗೆ ಇನ್ನೂ ಹೊತ್ತಿದೆ," ಎಂದು ಹಳೆಯ ಡಿಸ್ಕ್ ಹಾಕಿದಳು.

ಕ್ಯಾಮೆರಾಮನ್ ತಾನಾಗಿಯೇ ಎದ್ದು ಕಿಟಕಿಯ ಪರದೆ ಎಳೆದ. ನಾಲ್ವರೂ ಕುರ್ಚಿ ಹತ್ತಿರ ಮಾಡಿಕೊಂಡರು. ಕತ್ತಲಲ್ಲಿ ಆ ಹೆಂಗಸಿನ ದನಿ, ತುಸು ಗಡಸು, ತುಸು ನಗು ಬೆರೆತದ್ದು, ಮಗಳನ್ನು ಊಟವಾಯಿತೇ ಎಂದು ಕೇಳಿತು.

ಕಂತು ಮುಗಿದಾಗ ಅತ್ತೆ ಕಣ್ಣೊರೆಸಿಕೊಂಡು ಸೌಂಡಣ್ಣನ ಕಡೆ ತಿರುಗಿದರು. "ಹೇಗಿದ್ರು ಅವರು?"

ಸೌಂಡಣ್ಣ ಕುರ್ಚಿಯನ್ನು ಅವರತ್ತ ತಿರುಗಿಸಿಕೊಂಡು ಹೇಳತೊಡಗಿದರು.