ಮೇಲೆ ಬಳಿದ ಬಣ್ಣ

"ಇದಕ್ಕ ಮ್ಯಾಲೆ ಬಣ್ಣ ಬಳದಾರ್ರಿ. ಮೂಲ ಬಣ್ಣ ಹೋಗಿದ್ದನ್ನ ಮುಚ್ಚ್ಯಾರ. ಇಂಥಾದ್ದು ನನಗ ಬ್ಯಾಡ."

ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಕಾಲಿಟ್ಟ ಸೌಂದರ್ಯಾಳ ಕಿವಿಗೆ ಬಿದ್ದ ಮೊದಲ ಮಾತು ಇದು.

ಆಡಿದವನು ಅವಳನ್ನು ನೋಡಲು ಬಂದಿದ್ದ ಗಂಡು, ಮಾಂತೇಶ. ಅವಳಿಗೆ ಬೆನ್ನು ಹಾಕಿ ಟೀವಿ ಪಕ್ಕದ ಕಪಾಟಿನ ಮುಂದೆ ನಿಂತಿದ್ದ. ಕೈಯಲ್ಲಿ ಅವಳ ಬಾಲ್ಯದ ತಗಡಿನ ರೈಲಿನ ಇಂಜಿನ್ ಇತ್ತು. ಅದರ ಕೆಂಪು ಬಣ್ಣವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದ.

ಎಲ್ಲರ ಕಣ್ಣೂ ಸೌಂದರ್ಯಾಳ ಮುಖಕ್ಕೆ ಹೋದವು.

ಹೋಗದೆ ಏನು? ಅವಳಿಗೆ ತೊನ್ನು. ಹದಿಮೂರನೇ ವರ್ಷಕ್ಕೆ ಮಣಿಕಟ್ಟಿನ ಮೇಲೆ ಸಾಸಿವೆಯಷ್ಟು ಕಾಣಿಸಿಕೊಂಡ ಬಿಳಿ, ಇಪ್ಪತ್ತೊಂಬತ್ತು ತುಂಬುವ ಹೊತ್ತಿಗೆ ಎರಡೂ ಕೈ ಹತ್ತಿ, ಕುತ್ತಿಗೆ ಹತ್ತಿ, ತುಟಿಯ ಅಂಚಿಗೆ ಬಂದಿತ್ತು. ಅವತ್ತು ಚಿಗವ್ವ ಕಳಕವ್ವ ಒಂದು ತಾಸು ಕೂತು ಕ್ರೀಮು, ಪೌಡರು ಮೆತ್ತಿ ಅದನ್ನೆಲ್ಲ ಮುಚ್ಚಿದ್ದಳು. ಉದ್ದ ತೋಳಿನ ಕುಪ್ಪಸ ತೊಡಿಸಿದ್ದಳು. ಬಾಯಿ ಬಿಟ್ಟರೆ ತುಟಿಯ ಪೌಡರು ಬಿರಿಯುತ್ತದೆ, ಮಾತಾಡಬೇಡ ಅಂತಲೂ ಹೇಳಿದ್ದಳು.

ಒಬ್ಬರಿಗೆ ಅಂದು ಇನ್ನೊಬ್ಬರಿಗೆ ನಾಟಿಸುವ ಮಾತು ಬೆಟಗೇರಿಯ ಮಂದಿಗೆ ಹೊಸದಲ್ಲ. ಇಲ್ಲಿ ಅತ್ತೆ ಎಮ್ಮೆಗೆ ಬೈದರೆ ಸೊಸೆ ಊಟ ಬಿಡುತ್ತಾಳೆ. ಹಾಗಿರುವಾಗ ರೈಲಿಗೆ ಅಂದದ್ದು ಯಾರಿಗೆ ಅಂತ ಬಿಡಿಸಿ ಹೇಳಬೇಕೇ?

ಕಳಕವ್ವ ಎದ್ದವಳೇ ಮಾಂತೇಶನ ಜೊತೆ ಬಂದಿದ್ದ ಗೆಳೆಯನ ಕೈಯಿಂದ ಶಿರಾದ ತಾಟು ಕಸಿದುಕೊಂಡಳು. ಅವನ ಚಮಚ ಬಾಯಲ್ಲೇ ಉಳಿಯಿತು. ಮಾಂತೇಶ ಏನೂ ತಿಳಿಯದವನಂತೆ ಇಂಜಿನ್ ಇಟ್ಟು, ನೆಲ ನೋಡುತ್ತ ಕೈಮುಗಿದು ಹೊರಟುಹೋದ. ಸೌಂದರ್ಯಾಳನ್ನು ತಿರುಗಿ ಕೂಡ ನೋಡಲಿಲ್ಲ!

ಹಿಂದೆ ಎಂಟು ಮಂದಿ ಬೇಡ ಅಂದಿದ್ದರು. ಅವರೆಲ್ಲ ಊರಿಗೆ ಹೋಗಿ ಫೋನಿನಲ್ಲಿ ಹೇಳಿದ್ದರು. ಎದುರಿಗೇ ಅಂದವನು ಇವನೊಬ್ಬ.

"ಸೌಂದರ್ಯಾ ಅಂತ ಹೆಸರಿಟ್ಟ ನಿಮ್ಮಪ್ಪ ಪುಣ್ಯಾ ಮಾಡಿದ್ದ, ಇದನ್ನೆಲ್ಲ ನೋಡೂಕಿಂತ ಮೊದಲ ಸತ್ತ," ಅಂದಳು ಕಳಕವ್ವ.

ಅಂದು ಅಷ್ಟಕ್ಕೇ ಬಿಡಲಿಲ್ಲ. ಶಿರಹಟ್ಟಿಯ ಸಂಬಂಧವನ್ನು ಹೊರಗೆ ತೆಗೆದಳು. ಐವತ್ತು ದಾಟಿದ, ಹೆಂಡತಿ ಸತ್ತ ಗಂಡು. ಅವನದೊಂದು ಷರತ್ತು... ಬೀಗರು ಬಿಜ್ಜರು ಬಂದಾಗ ಸೌಂದರ್ಯಾ ಅಡುಗೆಮನೆ ಬಿಟ್ಟು ಈಚೆ ಬರಬಾರದು, ಬಡಿಸಬಾರದು. ಗುರುವಾರ ಮಾತು ಮುಗಿಸಲು ಬರುತ್ತಾರಂತೆ. ಅಷ್ಟರೊಳಗೆ ಹೂಂ ಅನ್ನಬೇಕು.

ಸೌಂದರ್ಯಾ ಕಪಾಟಿನ ಇಂಜಿನ್ ಎತ್ತಿಕೊಂಡು ಮೂಲೆಗೆ ಹೋಗಿ ಕೂತಳು.

ಆ ರೈಲು ಅಪ್ಪ ತಂದದ್ದು. ಲಾರಿ ಓಡಿಸುತ್ತಿದ್ದ ಅಪ್ಪ ಮುಂಬೈಯ ಹಳೇ ಸಾಮಾನಿನ ಬಜಾರಿನಿಂದ ಹೊತ್ತು ತಂದಿದ್ದ. ನೀಲಿ ಇಂಜಿನ್, ಹಿಂದೆ ಮೂರು ಡಬ್ಬಿ. ಚಾವಿ ಕೊಟ್ಟರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಓಡುತ್ತಿತ್ತು. ಅವಳ ಮಣಿಕಟ್ಟಿನಲ್ಲಿ ಬಿಳಿ ಕಾಣಿಸಿಕೊಂಡ ವರ್ಷವೇ ಇಂಜಿನ್ನಿನ ನೀಲಿ ಕೂಡ ಪದರು ಪದರಾಗಿ ಏಳತೊಡಗಿತ್ತು. ಹೆದರಿದ ಹುಡುಗಿ ಗೇಟಿಗೆ ಬಳಿದು ಉಳಿದ ಕೆಂಪು ಬಣ್ಣವನ್ನು ಅದಕ್ಕೆ ಬಳಿದಿದ್ದಳು. ರೈಲಿಗೆ ವಾಸಿಯಾಯಿತು ಅಂತ ಅಪ್ಪನ ಮುಂದೆ ಹೇಳಿದ್ದಳು.

'ಉಗುರು ತಾಗಿಸಿದ್ದೇ ತಡ, ಅದನ್ನೂ ಕಂಡುಹಿಡಿದನಲ್ಲ... ನನ್ನನ್ನೂ ಹೀಗೇ ಕೆರೆದು ನೋಡಿದನಲ್ಲ...'

ಸೋಮವಾರ ಹೊತ್ತೇರುವ ಮೊದಲೇ ಅವಳು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಳು. ಮಾಂತೇಶ ಅಲ್ಲಿ ಮಸಿ ಬೆರೆಸುವವನು. ಯಾವ ಬಣ್ಣ ತೋರಿಸಿದರೂ ಹಾಗೇ ಕೂಡಿಸಿ ಕೊಡುತ್ತಾನೆ ಅಂತ ಹೆಸರಾಗಿದ್ದ. ಹಿಂದಿನ ದಿನದ ಪೌಡರನ್ನೇ ಮತ್ತೆ ಮೆತ್ತಿಕೊಂಡು ಹೋಗಿದ್ದಳು ಸೌಂದರ್ಯಾ, ಬೇಕಂತಲೇ.

ಮೇಜಿನ ಮೇಲೆ ರೋಲರ್ ಒರೆಸಲು ಸೀಮೆಎಣ್ಣೆಯಲ್ಲಿ ಅದ್ದಿಟ್ಟ ಅರಿವೆ ಬಿದ್ದಿತ್ತು. ಎತ್ತಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ಮುಖ ಒರೆಸಿದಳು. ಕುತ್ತಿಗೆ ಒರೆಸಿದಳು. ತೋಳು ಮಡಚಿ ಕೈ ಒರೆಸಿದಳು. ಚರ್ಮ ಉರಿದು ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ.

"ನೋಡ್ರಿ. ಇದು ಮೂಲ ಬಣ್ಣ. ಮುಚ್ಚಿದ್ದು ತಪ್ಪಾತು. ಈಗ ಕಣ್ತುಂಬ ನೋಡ್ಕೊಂಡು, ಮತ್ತೊಮ್ಮೆ ಬ್ಯಾಡ ಅನ್ರಿ."

ಅಂದವಳೇ ಚೀಲದಿಂದ ಇಂಜಿನ್ ತೆಗೆದು ಕಲ್ಲಿನ ನೆಲಕ್ಕೆ ಅಪ್ಪಳಿಸಿದಳು. ಸಾಲದೆಂಬಂತೆ ಚಪ್ಪಲಿ ಕಾಲಿನಿಂದ ತುಳಿದಳು. ಅಪ್ಪ ತಂದ ಇಂಜಿನ್ನಿನ ಚಾವಣಿ ಜಜ್ಜಿಹೋಯಿತು. ಒಂದು ಗಾಲಿ ಉರುಳುತ್ತ ಕಾಗದದ ರಾಶಿಯೊಳಗೆ ಹೋಯಿತು.

ಮಾಂತೇಶ ಬಾಗಿ ಜಜ್ಜಿದ ಇಂಜಿನ್ ಎತ್ತಿಕೊಂಡ. "ನಾ... ನಾ ರೈಲ್ ನೋಡಾಕ ಬಂದಿದ್ದೆರಿ," ಅಂದ.

ಪುಸ್ತಕ ಹೊಲಿಯುತ್ತಿದ್ದ ಫಕೀರಬಿ ಎದೆ ಬಡಿದುಕೊಂಡು ಎದ್ದು, ಆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಕಳಕವ್ವನ ಗಂಡ, ಸೌಂದರ್ಯಾಳ ಕಾಕಾ ಸಕ್ರಪ್ಪ ಆ ಹಳೇ ರೈಲು ಮಾರಲು ಗಿರಾಕಿ ಹುಡುಕೆಂದು ಇವಳಿಗೆ ಹೇಳಿದ್ದ. ಹಳೇ ತಗಡಿನ ರೈಲುಗಳನ್ನು ಕೂಡಿಹಾಕಿ ದುರಸ್ತಿ ಮಾಡುವ ಹುಚ್ಚಿನವನು ಮಾಂತೇಶ. ಫಕೀರಬಿ ಖಬರು ಮುಟ್ಟಿಸಲು ಹೋದಾಗ ಸಕ್ರಪ್ಪ ಮುಂಡರಗಿಗೆ ಹೋಗಿದ್ದ, ಭಾನುವಾರವೂ ತಿರುಗಿ ಬಂದಿರಲಿಲ್ಲ. ರೈಲು ಮಾರುವ ಸುದ್ದಿ ಗೊತ್ತೇ ಇಲ್ಲದ ಕಳಕವ್ವನಿಗೆ, "ಐತ್ವಾರ ನಮ್ಮ ಮಾಂತೇಶ ನೋಡಾಕ ಬರ್ತಾನ್ರಿ" ಅಂತಷ್ಟೇ ಹೇಳಿ ಬಂದಿದ್ದಳು.

ಲಗ್ನದ ಹೆಣ್ಣಿರುವ ಮನೆಯಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಎಲ್ಲಿಂದ ಬರಬೇಕು?

ಕಟಿಂಗ್ ಮಷೀನಿನ ಹತ್ತಿರ ಯಾರೋ ಕಿಸಕ್ಕೆಂದರು. ಆಮೇಲೆ ಪ್ರೆಸ್ಸಿಗೆ ಪ್ರೆಸ್ಸೇ ನಕ್ಕಿತು. ರೈಲಿನ ಗಿರಾಕಿಗೆ ಶಿರಾ ತಿನ್ನಿಸಿದರಂತೆ! ಹೆಣ್ಣು ಸಿಂಗಾರ ಮಾಡಿಕೊಂಡು ಬಂದಳಂತೆ!

ಸೌಂದರ್ಯಾಳಿಗೆ ಆ ನಗೆಗಿಂತ ಹೆಚ್ಚು ಚುಚ್ಚಿದ್ದು ಬೇರೆ. ಅವನು ಅವಳನ್ನು ಬೇಡ ಅಂದಿರಲಿಲ್ಲ. ಬೇಡ ಅನ್ನಿಸಿಕೊಳ್ಳುವಷ್ಟೂ ಅವಳು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮನೆಗೆ ಬಂದು ಚಿಗವ್ವನಿಗೆ ಹೇಳಿದಳು, ಶಿರಹಟ್ಟಿಯವರಿಗೆ ಹೂಂ ಅನ್ನು ಅಂತ. ಕಳಕವ್ವ ಆ ಸಂತೋಷಕ್ಕೆ ಬಾಯಿಗೆ ಸಕ್ಕರೆ ಹಾಕಿದಳು. ಸೌಂದರ್ಯಾ ಅದನ್ನು ಔಷಧಿಯಂತೆ ನುಂಗಿದಳು.

ಬುಧವಾರ ಇಳಿಹೊತ್ತಿಗೆ ಮಾಂತೇಶ ಬಂದ. ಸೌಂದರ್ಯಾ ಕಟ್ಟೆಯ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಗಿಡ್ಡ ತೋಳಿನ ಕುಪ್ಪಸದಲ್ಲಿ. ಮುಚ್ಚಿಕೊಳ್ಳುವುದನ್ನು ಸೋಮವಾರವೇ ಬಿಟ್ಟಿದ್ದಳು.

ಅವನು ಇಂಜಿನ್ನನ್ನು ಯಂತ್ರದ ಪಕ್ಕ ಇಟ್ಟ. ಜಜ್ಜಿದ ಚಾವಣಿಯನ್ನು ಮರಳಿನ ಚೀಲದ ಮೇಲಿಟ್ಟು, ಕಟ್ಟಿಗೆಯ ಸುತ್ತಿಗೆಯಿಂದ ಎರಡು ರಾತ್ರಿ ಮೆಲ್ಲಗೆ ತಟ್ಟಿ ಎತ್ತಿದ್ದನಂತೆ. ಕೆಂಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸಿದ್ದನಂತೆ. ಅಡಿಯ ನೀಲಿ ಅಲ್ಲಲ್ಲಿ ಉಳಿದಿತ್ತು. ಉಳಿಯದ ಕಡೆ ಬರಿಯ ತಗಡು ಬೆಳ್ಳಗೆ ಕಾಣುತ್ತಿತ್ತು. ಮಸಿ ಬೆರೆಸುವುದರಲ್ಲಿ ಹೆಸರಾದವನು ಅಲ್ಲಿ ಒಂದು ಹನಿ ನೀಲಿಯನ್ನೂ ಹಚ್ಚಿರಲಿಲ್ಲ.

ಸೌಂದರ್ಯಾ ಆ ಬರಿಯ ತಗಡಿನ ಮೇಲೆ ಬೆರಳಾಡಿಸಿದಳು. ಆದರೂ ನಾಲಿಗೆ ಮೆತ್ತಗಾಗಲಿಲ್ಲ.

"ಕನಿಕರ ಬಂತೇನ್ರಿ? ನನ್ನೂ ರಿಪೇರಿ ಮಾಡಾಕ ಬಂದ್ರೇನು? ನಾ ಮುರದ ಸಾಮಾನಲ್ಲ."

"ಅಲ್ರಿ. ನೀವು ಸಾಮಾನು ಮುರಿಯಾಕಿ," ಅಂದ ಮಾಂತೇಶ. "ಆ ಗಾಲಿ ಹುಡುಕಾಕ ನಾ ಒಂದ್ ದಿನ ಕಾಗದದ ರಾಶಿ ಜಾಲಾಡೇನಿ."

ಅವಳಿಗೆ ನಗು ಬಂತು. ಹಲ್ಲು ಕಚ್ಚಿ ತಡೆದಳು.

ಅವನು, ಭಾನುವಾರ ತಾನು ತಲೆ ಎತ್ತಿರಲಿಲ್ಲ, ಪರರ ಮನೆಯ ಹೆಣ್ಣುಮಕ್ಕಳನ್ನು ನೋಡಬಾರದು ಅಂತ ಅವ್ವ ಕಲಿಸಿದ್ದಳು ಅಂತ ತೊದಲಿದ. ಪ್ರೆಸ್ಸಿನಲ್ಲಿ ನಕ್ಕವರನ್ನು ಅವತ್ತೇ ತಡೆಯಬೇಕಿತ್ತು, ಬಾಯಿ ಬರಲಿಲ್ಲ, ಆ ತಪ್ಪು ತನ್ನದು ಅಂದ.

"ಆದ್ರ ಸೋಮಾರ ನೋಡಿದೆ. ಚಿಮಣಿ ಎಣ್ಣಿ ಅರಿವಿಲೆ ಮುಖ ಒರಿಸ್ಕೊಂಡ್ರಲ್ಲ... ಆವಾಗ. ಮೂರ್ ದಿನ ಆತು, ಕಣ್ಣಿಗೆ ಮತ್ತೇನೂ ಕಾಣವಲ್ದು. ಶಿರಹಟ್ಟಿ ಸುದ್ದಿ ಫಕೀರಬಿ ಹೇಳಿದ್ಲು. ನಿಮ್ಮನ್ನ ಅಡಗಿಮನ್ಯಾಗ ಮುಚ್ಚಿಡಾಕ ಹೋಗಬ್ಯಾಡ್ರಿ. ನನ್ನ ಲಗ್ನಾ ಆಗ್ರಿ."

ಯಂತ್ರದ ಗಾಲಿಯ ಮೇಲಿದ್ದ ಅವಳ ಕೈ ನಿಂತಿತು. ಒಳಗೆ ಬಾಗಿಲ ಹಿಂದೆ ಕಳಕವ್ವನ ಬಳೆಯ ಸದ್ದೂ ನಿಂತಿತು.

ಹದಿನಾರು ವರ್ಷ ಯಾರನ್ನೂ ಕೇಳದ ಒಂದು ಪ್ರಶ್ನೆ ಸೌಂದರ್ಯಾಳ ಗಂಟಲಲ್ಲಿತ್ತು. ಕೇಳಿದರೆ ಇವನೂ ಹೋದಾನು. ಕೇಳದೆ ಒಪ್ಪಿಕೊಂಡರೆ ಮತ್ತೆ ಮುಚ್ಚಿಕೊಂಡಂತೆಯೇ. ಬಿಳಿ ಹತ್ತಿದ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

"ಇದು ಇಷ್ಟಕ್ಕ ನಿಲ್ಲೂದಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಮುಖಾ ಪೂರಾ ಹಬ್ಬಬಹುದು. ಈಗ ನೋಡಿದ ಮುಖ ಮುಂದ ಇರೂದಿಲ್ಲ. ಆಗ?"

ಮಾಂತೇಶ ಆ ಕೈಗಳನ್ನು ನೋಡಿದ, ಮುಖ ನೋಡಿದ.

"ಒಮ್ಮಿಂದೊಮ್ಮೆಲೆ ನೋಡಿದವ್ರಿಗೆ ಫರಕ್ ಗೊತ್ತಾಗ್ತೈತ್ರಿ," ಅಂದ. "ದಿನಾ ನೋಡಾವ್ಗ ಅದು ಹಬ್ಬಿದ್ದು ತಿಳಿಯೂದೂ ಇಲ್ಲ."

ಸೌಂದರ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದ್ದು ನಿಂತಳು.

"ಕಾಕಾ ಒಳಗದಾನ. ಬರ್ರಿ, ಅವನ ಮುಂದ ಹೇಳ್ರಿ."

"ಏನಂತ ಹೇಳ್ಲಿ?"

"ದಿನಾ ಅಂತ ಹೇಳ್ರಿ. ಅಷ್ಟ ಸಾಕು."