ಔಷಧಿ ಬಿಟ್ಟು ಹೋದ ಕಳ್ಳ

೧೯೮೪ರ ಆಗಸ್ಟ್ ೨೦, ಸೋಮವಾರ ಬೆಳಿಗ್ಗೆ. ಖಾಸಬಾಗದ ಈರಣ್ಣ ಏದುಸಿರು ಬಿಡುತ್ತ ಠಾಣೆಗೆ ಬಂದ. ಸೊಳ್ಳೆ ಹೊಡೆಯುವ ಹೊಗೆ ಯಂತ್ರವನ್ನು ಬಾಡಿಗೆಗೆ ಮನೆಮನೆಗೆ ಒಯ್ಯುವುದು ಅವನ ಕಸುಬು. ಸಂಜೆಯಾದರೆ ಯಂತ್ರ ಹೆಗಲಿಗೇರಿಸಿ, ಗಟಾರ, ಹಿತ್ತಿಲುಗಳಿಗೆಲ್ಲ ಬಿಳಿ ಹೊಗೆ ಬಿಡುತ್ತ ದಂಡನಾಯಕನ ಗತ್ತಿನಲ್ಲಿ ನಡೆಯುತ್ತಿದ್ದ. ಇಂದು ಆ ಗತ್ತು ಪೂರ್ತಿ ಇಳಿದಿತ್ತು.

“ಸಾಹೇಬ್ರ, ನನ್ನ ಮಷಿನ್ ಕದ್ದಾರ್ರಿ! ಶ್ರಾವಣದಾಗ ಸೊಳ್ಳಿ ಹೆಂಗ ಅದಾವು, ನಿಮಗ ಗೊತ್ತಲ್ರಿ.”

ಪಿಎಸ್‌ಐ ನೇಮಿನಾಥರಿಗೆ ಗೊತ್ತಿತ್ತು. ಅವರ ಕಿವಿಯ ಮೇಲೇ ಒಂದು ಕೂತಿತ್ತು. ಹೊಡೆಯದೆ ಕೈಬೀಸಿ ಹಾರಿಸಿದರು. ಎಫ್‌ಐಆರ್ ದಾಖಲಾಯಿತು.

ಈರಣ್ಣನ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಬಾಗಿಲ ಚಿಲಕ ಮುರಿದಿರಲಿಲ್ಲ, ಬರೀ ಸರಿಸಿದ್ದರು. ಆದರೆ ಮೂಲೆಯಲ್ಲಿ ಒಂದು ಬಕೆಟ್ಟಿತ್ತು, ಅದರ ತುಂಬ ಯಂತ್ರದ ಔಷಧಿ, ಮೇಲೆ ಒಂದು ತಟ್ಟೆ ಮುಚ್ಚಿತ್ತು.

“ಇದನ್ನ ನೀ ಸುರಿದಿಟ್ಟೇನು?” ನೇಮಿನಾಥರು ಕೇಳಿದರು.

“ಇಲ್ರಿ. ರಾತ್ರಿ ಟಾಕಿ ತುಂಬಿಸೇ ಇಟ್ಟಿದ್ನಿ.”

ಹೆಡ್ ಕಾನ್‌ಸ್ಟೇಬಲ್ ಬೀರಣ್ಣ ತಲೆ ಕೆರೆದುಕೊಂಡ. “ಭಾರ ಕಡಿಮಿ ಆಗ್ಲಿ ಅಂತ ಸುರಿದಿರಬೇಕ್ರಿ, ಸಾಹೇಬ್ರ.”

“ಹಂಗಿದ್ರ ನೆಲಕ್ಕ ಚೆಲ್ಲತಿದ್ದ. ತಟ್ಟಿ ಯಾಕ ಮುಚ್ಚಿದ?”

ನೇಮಿನಾಥರಿಗೆ ತಮ್ಮ ತಾಯಿ ನೆನಪಾದರು. ನೀರು ಸೋಸದೆ ಕುಡಿಯದ, ಹುಳ ಬಿದ್ದೀತೆಂದು ದೀಪಕ್ಕೂ ಮರೆ ಹಿಡಿಯುವ ಜೈನ ಹೆಂಗಸು. ಕಳ್ಳನ ಗುರುತು ಸಿಕ್ಕಷ್ಟೇ ಖುಷಿಯಾಗಿ, ನಗು ತಡೆಯಲಾಗದೆ ಹೊರಗೆ ಬಂದರು. ಬಾಜು ಮನೆಯಲ್ಲಿ ಇರುವವರಾರು ಎಂದು ಕೇಳಿದರು.

“ಅಜಿತಕುಮಾರ್ ಅಂತ, ಬಟ್ಟಿ ಅರಿವಿ ವ್ಯಾಪಾರದವರು. ಅವರ ಅಕ್ಕ ಚಂಪಾಬಾಯಿ ನಿನ್ನೆ ಬಂದಿದ್ರು. ಇವತ್ತ ಬೆಳಕ ಹರಿಯೂದ್ರಾಗ ಖಾನಾಪುರಕ್ಕ ಹೋದ್ರು,” ಎಂದ ಈರಣ್ಣ.

ಸುತ್ತಲಿನ ಠಾಣೆಗಳಿಗೆಲ್ಲ ಸುದ್ದಿ ಹೋಯಿತು. ಮಧ್ಯಾಹ್ನ ಖಾನಾಪುರದಿಂದ ಫೋನು ಬಂತು. ಯಂತ್ರ ಕಂಡಿಲ್ಲ, ಆದರೆ ವಿಚಿತ್ರ ಬೆಂಕಿಯೊಂದು ವರದಿಯಾಗಿದೆ: ಒಂದು ಹಿತ್ತಿಲಲ್ಲಿ ಹೊಗೆ ಎದ್ದಿತು, ನೆರೆಮನೆಯ ಪದ್ಮವ್ವ ಕೊಡಗಟ್ಟಲೆ ನೀರು ಸುರಿದಳು, ಹೊಗೆ ಆರಿದ ಮೇಲೆ ನೋಡಿದರೆ ಸುಟ್ಟದ್ದು ಏನೂ ಇಲ್ಲ, ಬೂದಿಯೂ ಇಲ್ಲ. ಬೇವಿನೆಣ್ಣೆಯ ವಾಸನೆ ಮಾತ್ರ ಇತ್ತು.

ಸಂಜೆ ಐದಕ್ಕೆ ಜೀಪು ಚಂಪಾಬಾಯಿಯ ಮನೆ ಮುಂದೆ ನಿಂತಿತು. ಗುರುತು ಹಿಡಿಯಲು ಈರಣ್ಣನೂ ಜೊತೆಗಿದ್ದ. ಹಿತ್ತಿಲಲ್ಲಿ ಈರಣ್ಣನ ಹೊಗೆ ಯಂತ್ರ ಮಳೆಗೆ ನೆನೆದ ಬೆಕ್ಕಿನಂತೆ ಕೂತಿತ್ತು. ಮಗಳು ಸೋನಾಬಾಯಿ ತುಂಬು ಬಸುರಿ. ಪದ್ಮವ್ವನ ಮನೆಯ ಕಟ್ಟೆಯಲ್ಲಿ ಕೂತು ಅಳುವುದೋ ನಗುವುದೋ ತಿಳಿಯದೆ ನೋಡುತ್ತಿದ್ದಳು.

“ಹೆಂಗ ತಂದ್ರಿ, ಅವ್ವಾರ?” ನೇಮಿನಾಥರು ಚಂಪಾಬಾಯಿಯನ್ನು ಕೇಳಿದರು.

“ಕೌದ್ಯಾಗ ಸುತ್ತಿದ್ನಿ. ಹಾಸಗಿ ಅಂತ ತಿಳದು ಕಂಡಕ್ಟರನs ಬಸ್ಸಿನ ಮ್ಯಾಲ ಏರಿಸಿದ.”

“ನಡಸಾಕ ಯಾರು ಕಲಿಸಿದ್ರು?”

ಆಕೆ ಈರಣ್ಣನತ್ತ ಬೆರಳು ತೋರಿದರು. “ಇಂವಾ ದಿನಾ ಓಣಿ ಮಂದಿಗೆಲ್ಲಾ ತೋರಸ್ತಾನಲ್ರಿ. ತಮ್ಮನ ಮನಿಗೆ ಬಂದಾಗೆಲ್ಲಾ ನೋಡೀನಿ.”

“ಔಷಧಿ ಯಾಕ ಬಿಟ್ರಿ?”

“ಚಾತುರ್ಮಾಸದಾಗ ಜೀವ ತಗಿಯೂದಿಲ್ಲಂತ ಬಸದ್ಯಾಗ ವ್ರತ ಹಿಡದೀನಿ. ಬೇವಿನೆಣ್ಣಿ ಹಾಕಿದ್ನಿ. ಅವು ಸಾಯೂದು ಬ್ಯಾಡ, ಮನಿ ಬಿಟ್ಟು ಹೋದ್ರ ಸಾಕಿತ್ತು.”

“ಸೊಳ್ಳಿ ಪರದಿ ಕಟ್ಟಬೇಕಿತ್ತಲ್ರಿ?” ಎಂದ ಬೀರಣ್ಣ.

“ಕಟ್ಟೀನಪ್ಪಾ. ಬಸರಿ ಹೆಂಗಸು ಹಗಲೆಲ್ಲಾ ಪರದ್ಯಾಗ ಕುಂದರ್ತಾಳೇನು? ಹೋದ ಮಳಿಗಾಲದಾಗ ಇದs ಮನ್ಯಾಗ ಸೋನಾಗ ಚಳಿಜ್ವರ ಬಂತು. ಆರು ತಿಂಗಳಿನ ಕೂಸು ಹೊಟ್ಟ್ಯಾಗs ಹೋತು.”

“ಈರಣ್ಣನ್ನ ಕೇಳಬೇಕಿತ್ತಲ್ರಿ.”

“ಔಷಧಿ ಇಲ್ಲದ ಮಷಿನ್ ಕೊಡು ಅಂದ್ರ ಓಣಿ ಎಲ್ಲಾ ನಗತಿತ್ರಿ. ನಾಳೆ ತಂದಿಡಾಕಿದ್ನಿ.”

ನೇಮಿನಾಥರು ಪಡುವಣ ನೋಡಿದರು. ಹೊತ್ತು ಇಳಿಯುತ್ತಿತ್ತು; ಮುಳುಗಿದರೆ ಈ ಹೆಂಗಸು ನಾಳೆಯವರೆಗೆ ಅನ್ನ ಮುಟ್ಟುವುದಿಲ್ಲ. “ಮೊದಲ ಊಟ ಮಾಡ್ರಿ,” ಎಂದರು. ತಾವೂ ಪಕ್ಕದಲ್ಲೇ ಮಣೆ ಹಾಕಿಸಿಕೊಂಡರು. ಅಂದು ಖಾನಾಪುರದಲ್ಲಿ ಆರೋಪಿ, ತನಿಖಾಧಿಕಾರಿ, ಫಿರ್ಯಾದಿ, ಮೂವರೂ ಒಂದೇ ಪಂಕ್ತಿಯಲ್ಲಿ ಉಂಡರು. ಆಮೇಲೆ ದಸ್ತಗಿರಿ ಆಯಿತು. ಹೆಣ್ಣು ಜೊತೆಯಿರಲೆಂದು ಪದ್ಮವ್ವನೂ ಜೀಪು ಹತ್ತಿದಳು.

ಮರುದಿನ ಕೋರ್ಟಿನಲ್ಲಿ ಜಾಮೀನಿಗೆ ಮುಂದೆ ಬಂದವನು ಈರಣ್ಣ. ವಕೀಲರು ನಕ್ಕರೆ, “ಮಷಿನ್ ನಂದು, ಆದ್ರ ಕೂಸು ಎಲ್ಲಾರದು,” ಎಂದು ಗದರಿದ. ಸಂಜೆ, ಕೋರ್ಟಿನಿಂದ ಬಿಡಿಸಿಕೊಂಡ ಅದೇ ಯಂತ್ರ ಹೊತ್ತು ಖಾನಾಪುರದ ಬಸ್ಸು ಹತ್ತಿದ. ಟಾಕಿಯಲ್ಲಿ ಬೇವಿನೆಣ್ಣೆಯೇ ಇತ್ತು. ಈ ಸಲ ನೀರು ಸುರಿಯಬೇಡವೆಂದು ಪದ್ಮವ್ವನಿಗೆ ಮೊದಲೇ ಹೇಳಿ ಕಳಿಸಿದ್ದ.

ಸೆಪ್ಟೆಂಬರ್‌ನಲ್ಲಿ ಸೋನಾಬಾಯಿಗೆ ಹೆಣ್ಣು ಕೂಸು ಹುಟ್ಟಿತು. ಸುದ್ದಿ ಪೇಡೆಯೊಂದಿಗೆ ಠಾಣೆಗೆ ಬಂದಾಗ ನೇಮಿನಾಥರು ಕೊನೆಯ ವರದಿ ಬರೆಯುತ್ತಿದ್ದರು. ಪೇಡೆ ಬಾಯಿಗಿಟ್ಟು, ಕಳವಿನ ಉದ್ದೇಶದ ಮುಂದೆ ಹೀಗೆ ತುಂಬಿದರು: “ಆರೋಪಿಗೆ ಸೊಳ್ಳೆಯ ಜೀವವೂ ಬೇಕಿತ್ತು, ಮೊಮ್ಮಗಳ ಜೀವವೂ ಬೇಕಿತ್ತು.”